ಪದ ಬೇಕು: ಒಂದು ಹಾಡು ನಿಲ್ಲದೆ ಇನ್ನೊಂದಾಗುವುದಕ್ಕೆ (ಗುರುವಾರದೊಳಗೆ)

ನ್ಯೂಜೆರ್ಸಿಯಿಂದ, ಸೋಮವಾರ

ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡ ಕೂಟದ ಸ್ಮರಣಸಂಚಿಕೆ ಗುರುವಾರ ರಾತ್ರಿ ಅಚ್ಚಿಗೆ ಹೋಗುತ್ತದೆ. ಮಗ ಇಂಗ್ಲಿಷಿನಲ್ಲಿ ಬರೆದ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಲ್ಕೈದು ಕಡೆ ಗಾಡಿ ನಿಂತಿದೆ. ಇಲ್ಲಿಯ ಜ್ಯಾಮ್ ಬ್ಯಾಂಡುಗಳ (ಹಾಡನ್ನು ವೇದಿಕೆಯ ಮೇಲೇ ಆಗಿಂದಾಗ ಬೆಳೆಸಿ ನುಡಿಸುವ ತಂಡಗಳು) ಅಭಿಮಾನಿಗಳು ಒಂದು ರಾತ್ರಿಯ ಕಚೇರಿಯನ್ನು ಹೇಗೆ ತೂಗುತ್ತಾರೆ ಎನ್ನುವುದು ವಿಷಯ. ಗ್ರೇಟ್‌ಫುಲ್ ಡೆಡ್ ತಂಡ 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲಿನಲ್ಲಿ ನುಡಿಸಿದ್ದು, ಫಿಶ್ ತಂಡ 2017ರಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ 13 ರಾತ್ರಿ, ಒಂದೇ ಒಂದು ಹಾಡನ್ನೂ ಎರಡನೆಯ ಸಲ ಮುಟ್ಟದೆ 237 ಹಾಡು ನುಡಿಸಿದ್ದು, ಇವೆರಡನ್ನು ಹಿಡಿದುಕೊಂಡು ಬರೆದಿದ್ದಾನೆ.

ಮುಖ್ಯ ತೊಡಕು ಇದು. ಕಚೇರಿಯ ಹಾಡುಪಟ್ಟಿ ಬರೆಯುವಾಗ ಇವರು ಎರಡು ಹಾಡುಗಳ ನಡುವೆ ಗುರುತು ಹಾಕುತ್ತಾರೆ. ಬರಿಯ ಬಾಣದ ಮೊನೆ ಇದ್ದರೆ, ಮೊದಲನೆಯದು ಮುಗಿದ ಕೂಡಲೇ ಉಸಿರು ಬಿಡದೆ ಎರಡನೆಯದು ಶುರು ಎಂದರ್ಥ. ಬಾಲವಿರುವ ಬಾಣ ಇದ್ದರೆ ಸಂಗತಿ ಬೇರೆ: ನುಡಿಸುತ್ತ ನುಡಿಸುತ್ತ ಮೊದಲನೆಯದೇ ಕರಗಿ ಎರಡನೆಯದಾಯಿತು, ಎಲ್ಲಿ ಇದು ಬಿಟ್ಟಿತು ಎಲ್ಲಿ ಅದು ಹಿಡಿಯಿತು ಎಂದು ಬೆರಳಿಟ್ಟು ತೋರಿಸಲಾಗದು. ಇದೇ ಅವರ ಅಸಲಿ 'ಸೆಗ್‌ವೇ'. ಡೆಡ್‌ ಅಭಿಮಾನಿಗಳಿಗೆ ಸಾಮಾನ್ಯವಾಗಿ ಮೊನೆಯೊಂದೇ ಸಾಕು. ಫಿಶ್‌ನವರು ಎರಡನ್ನೂ ಬೇರೆ ಮಾಡಿ ಜಗಳ ಕಾಯುತ್ತಾರೆ. ನಾನು 'ಸಂಕ್ರಮಣ' ಎಂದು ಹಾಕಿದ್ದೆ. "ಅಮ್ಮಾ, ಅದು ಎಳ್ಳುಬೆಲ್ಲದ ಹಬ್ಬ ಅಲ್ವಾ?" ಅಂದ. ಅಲ್ಲಿಗೆ ಅದೂ ಹೋಯಿತು.

ಇನ್ನು ಟೈಪ್ ಒನ್, ಟೈಪ್ ಟೂ ಎಂಬ ಅವರ ವಿಂಗಡಣೆ. ಹಾಡಿನ ಶ್ರುತಿ, ಲಯ, ಸ್ವರಸಾಲು ಬಿಡದೆ ಬೆಳೆಸಿದರೆ ಒನ್. ಹಾಡಿನ ಚೌಕಟ್ಟನ್ನೇ ಬಿಟ್ಟು ಹೊರಟುಹೋದರೆ ಟೂ. ಜೊತೆಗೆ ನೂಡ್ಲಿಂಗ್ (ಎಲ್ಲಿಗೂ ಹೋಗದೆ ಗಿಟಾರ್ ಕೆರೆಯುತ್ತ ಕೂರುವುದು, ಬೈಗುಳ), ಟ್ರೈನ್‌ರೆಕ್ (ತಂಡದವರು ಒಬ್ಬರಿಗೊಬ್ಬರು ತಪ್ಪಿಹೋಗುವುದು), ಬಸ್ಟ್‌ಔಟ್ (ವರ್ಷಗಟ್ಟಲೆ ನುಡಿಸದಿದ್ದ ಹಾಡು ದಿಢೀರನೆ ಬರುವುದು). ಓದುವವರಲ್ಲಿ ಅರ್ಧ ಜನ ಕರ್ನಾಟಕ ಸಂಗೀತ ಕೇಳುವವರು, ಉಳಿದರ್ಧ ಯಕ್ಷಗಾನದ ಹುಚ್ಚಿನವರು. ದಯವಿಟ್ಟು ಬೇಗ.

ಮೈಸೂರಿನಿಂದ

ಅನುಸ್ಯೂತಿ. 'ಸ್ಯೂತ' ಎಂದರೆ ಹೊಲಿದದ್ದು; ಹೊಲಿಗೆ ಕಾಣದಂತೆ ಸಾಗುವುದೇ ಅನುಸ್ಯೂತ. ಇದಕ್ಕಿಂತ ಬೇಕೇ? ಅಂದಹಾಗೆ 'ಸೆಗ್‌ವೇ' ಇಟಾಲಿಯನ್ ಕ್ರಿಯಾಪದ, 'ಹಿಂಬಾಲಿಸುತ್ತದೆ' ಎಂದರ್ಥ. ಅದರ ಲ್ಯಾಟಿನ್ ಮೂಲವೂ ಸಂಸ್ಕೃತದ 'ಸಚ್' ಧಾತುವೂ ಜ್ಞಾತಿಗಳು. ನಮ್ಮ ವಿಧಾನಸೌಧದ ಸಚಿವನೂ ನಿಮ್ಮ ಮಗನ ಸೆಗ್‌ವೇಯೂ ಒಂದೇ ಬೇರಿನವು. ಆದ್ದರಿಂದ ಸಂಸ್ಕೃತ ಪದ ಹಾಕುವುದು ಅನುವಾದವೂ ಅಲ್ಲ, ಮನೆಗೆ ಹಿಂದಿರುಗುವುದು.

ಟೈಪ್ ಒನ್‌ಗೆ ನೆರವಲ್, ಅಂದರೆ ಹಾಡಿನ ಒಂದು ಸಾಲನ್ನೇ ರಾಗತಾಳ ಬಿಡದೆ ಬೆಳೆಸುವುದು. ಟೈಪ್ ಟೂಗೆ ರಾಗಾಲಾಪನೆ. ಜ್ಯಾಮ್ ಬ್ಯಾಂಡಿಗೆ 'ಮನೋಧರ್ಮವಾದ್ಯವೃಂದ'.

ಬೆಂಗಳೂರಿನಿಂದ

ಮಯ್ಸೂರಿನ ಮೇಶ್ಟ್ರಿಗೆ ಕನ್ನಡದ ಒಂದು ಒರೆಯೂ ನೆನಪಾಗಲಿಲ್ಲವಲ್ಲ, ಅಚ್ಚರಿಯೇನಿಲ್ಲ. 'ಮನೋದರ್‍ಮವಾದ್ಯವ್ರುಂದ' ಎನ್ನುವಶ್ಟರಲ್ಲಿ ಹಾಡೇ ಮುಗಿದಿರುತ್ತದೆ. ಜ್ಯಾಮ್ ಬ್ಯಾಂಡ್ = ಹೊಮ್ಮುನುಡಿಸುಗರು. ಆಗಿಂದಾಗಲೇ ಹೊಮ್ಮಿಸಿ ನುಡಿಸುವವರು. ಸೆಗ್‌ವೇ = ಹಾಡುಜಾರಿಕೆ. ಟಯ್ಪ್ ಒನ್ = ಬೇಲಿಯೊಳಗಿನ ಹೊಮ್ಮುಗೆ, ಟಯ್ಪ್ ಟೂ = ಬೇಲಿ ಹಾರಿದ ಹೊಮ್ಮುಗೆ. ನೂಡ್ಲಿಂಗ್ = ಶಾವಿಗೆಯೊತ್ತು. ಎಲ್ಲರಿಗೂ ತಿಳಿಯುವ ಕನ್ನಡ.

ಧಾರವಾಡದಿಂದ

ಅಲ್ರೀ, ಬೇಲಿ ಹಾರಿದ್ರು ಅಂದ್ರ ನಮ್ಮ ಕಡೆ ಪಂಚಾಯ್ತಿ ಕೂಡತೈತಿ. ಅಮೆರಿಕಾದಾಗ ಕುಂತು ಓದೂ ಮಂದಿ ಆ ಬ್ಯಾಂಡಿನವರ ಬಗ್ಗೆ ಏನಂತ ತಿಳಕೋಬೇಕು? 'ಹೊಮ್ಮುನುಡಿಸುಗರು' ಅನ್ನೂದು ಪದಾ ಅಲ್ಲರೀ, ಅಡ್ರೆಸ್.

ಇಷ್ಟೆಲ್ಲಾ ಯಾಕ ಬೇಕು? ಜ್ಯಾಮ್ ಅನ್ನೂದು ನಮ್ಮದ ಪದಾ. ಮೆಹಫಿಲ್ ಜಮಾಸಿದ್ರು ಅಂತೀವಿಲ್ಲೋ? ಜಮಾಯಿಸು, ಜಮಾವಣೆ, ಜಮಖಾನಿ. ಅಲ್ಲಿಂದನ ಹೋಗಿರಬೇಕು ಅದು.

ಮೈಸೂರಿನಿಂದ

ಇಲ್ಲ. ಜ್ಯಾಮ್ ಅಮೆರಿಕದ ಜ್ಯಾಸ್ ವಾದಕರ ಆಡುಮಾತು. 1930ರ ದಶಕದಲ್ಲೇ 'ಜ್ಯಾಮ್ ಸೆಷನ್' ರೂಢಿಗೆ ಬಂದಿತ್ತು. ಜಮಖಾನ ತಾವು ಕೂತ ಕಡೆಯೇ ಇರಲಿ.

ಪುತ್ತೂರಿನಿಂದ

ಮೇಷ್ಟ್ರ 'ರಾಗಾಲಾಪನೆ' ಹೊಂದುವುದಿಲ್ಲ. ತೋಡಿಯ ಆಲಾಪನೆ ಎಷ್ಟು ಹೊತ್ತು ಹೋದರೂ ತೋಡಿಯೇ. ಅಕ್ಕ ಹೇಳುವ ಟೈಪ್ ಟೂದಲ್ಲಿ ರಾಗವೇ ಬಿಟ್ಟುಹೋಗುತ್ತದೆ, ತಾಳವೂ ಹೋಗಬಹುದು, ಮತ್ತೆ ವಾಪಸು ಬರಬೇಕೆಂಬ ಕಟ್ಟೂ ಇಲ್ಲ. ಕಚೇರಿಯಲ್ಲಿ ಹೀಗೆ ಮಾಡಿದರೆ ವಿದ್ವಾಂಸರನ್ನು ಮುಂದಿನ ವರ್ಷ ಕರೆಯುವುದಿಲ್ಲ.

ಹತ್ತಿರದ ಹೋಲಿಕೆ ಬೇಕೆಂದರೆ ತಾಳಮದ್ದಳೆ, ವೇಷ ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಆ ಪದ್ಯಕ್ಕೆ ಕೂತಲ್ಲೇ ಮಾತು ಕಟ್ಟಬೇಕು. ಬರೆದುಕೊಂಡು ಬಂದದ್ದು ಏನೂ ಇಲ್ಲ. ಕೆಲವರು ಪದ್ಯದ ಒಳಗೇ ಬೆಳೆಸುತ್ತಾರೆ. ಕೆಲವರು ಪದ್ಯ ಬಿಟ್ಟು ಎದುರಿನ ಅರ್ಥಧಾರಿಯ ಒಂದು ಮಾತು ಹಿಡಿದು ಮುಕ್ಕಾಲು ಗಂಟೆ ಬೇರೆಲ್ಲೋ ಹೋಗುತ್ತಾರೆ. ಮರುದಿನ ಹೋಟೆಲಿನಲ್ಲಿ ನಮ್ಮದೂ ಇದೇ ಜಗಳ: ಅದು ಪ್ರತಿಭೆಯೋ ಅಧಿಕಪ್ರಸಂಗವೋ? ಆದ್ದರಿಂದ 'ಪದ್ಯದೊಳಗಿನ' ಮತ್ತು 'ಪದ್ಯ ಬಿಟ್ಟ'. ಯಕ್ಷಗಾನದವರಿಗೆ ಒಂದೇ ಸಲಕ್ಕೆ ಅರ್ಥವಾಗುತ್ತದೆ.

ಇನ್ನು ಕಚೇರಿ ಮೇಲೇರಿ ಒಳ್ಳೆಯದಾಯಿತು ಎನ್ನುವುದಕ್ಕೆ ನೀವು ಕೇಳದಿದ್ದರೂ ಕೊಡುತ್ತೇನೆ: ರೈಸಿತು. ಆಟ ರೈಸಿತು, ಪದ್ಯ ರೈಸಿತು. ಬೇರೆ ಪದ ಬೇಡ.

ಮೈಸೂರಿನಿಂದ

ಅದು ಇಂಗ್ಲಿಷಿನ 'ರೈಸ್'. ಕರಾವಳಿಯವರು ಎರವಲು ಪಡೆದು ಮರೆತಿದ್ದೀರಿ.

ಪುತ್ತೂರಿನಿಂದ

ಅಲ್ಲ. ರಂಜಿಸು, ರಯ್ಸು, ರೈಸು.

ಮೈಸೂರಿನಿಂದ

ಹಾಗಾದರೆ ಅಂಜಿಸು 'ಐಸು' ಆಗಬೇಕಿತ್ತಲ್ಲ?

ಪುತ್ತೂರಿನಿಂದ

ನಮ್ಮಜ್ಜಿಗೆ ಇಂಗ್ಲಿಷಿನ ಒಂದಕ್ಷರ ಬರುತ್ತಿರಲಿಲ್ಲ. ರೈಸು ಬರುತ್ತಿತ್ತು.

ಮೈಸೂರಿನಿಂದ

ಬಸ್ಸು, ಲೈಟು ಅನ್ನುವುದೂ ಬರುತ್ತಿತ್ತು.

ಸಾಗರದಿಂದ, ಮಂಗಳವಾರ

ತಂಗೀ, ಇವರ ಜಗಳ ಇರಲಿ. ನಿನಗೆ ಬೇಕಾದ್ದು ಬಾಣದ ಪದ ಅಲ್ಲವಾ. ಬಾಳೆನಾರಿನಲ್ಲಿ ಹೂ ಕಟ್ಟುವುದು ಗೊತ್ತಿರಬೇಕು. ನಾರು ಮುಗಿಯುತ್ತ ಬಂದಾಗ ಎರಡು ದಾರಿ. ಹೊಸ ನಾರನ್ನು ತಂದು ಗಂಟು ಹಾಕಬಹುದು. ಮಾಲೆ ನಿಲ್ಲುವುದಿಲ್ಲ, ಆದರೆ ಗಂಟು ಕೈಗೆ ಸಿಗುತ್ತದೆ. ಇಲ್ಲವಾದರೆ ಹಳೆ ನಾರಿನ ತುದಿ ಇನ್ನೂ ನಾಲ್ಕು ಬೆರಳು ಇರುವಾಗಲೇ ಹೊಸದರ ಎಳೆಯನ್ನು ಅದಕ್ಕೆ ಸೇರಿಸಿ ಹೊಸೆಯಬೇಕು. ಆಮೇಲೆ ಎಲ್ಲಿ ಸೇರಿಸಿದ್ದು ಎಂದು ಕಟ್ಟಿದವಳಿಗೂ ಕಾಣುವುದಿಲ್ಲ.

ನಿನ್ನ ಮೊನೆಗೆ ಗಂಟು. ಬಾಲದ ಬಾಣಕ್ಕೆ ಹೊಸೆ. ಸಂಸ್ಕೃತವೂ ಬೇಡ, ಬೇಲಿಯೂ ಬೇಡ.

ಬೆಂಗಳೂರಿನಿಂದ

ಒಪ್ಪಿದೆ! ಹೊಸೆ ಹಳಗನ್ನಡದಲ್ಲಿ ಪೊಸೆ. ಪೊಸೆಯಿಂದಲೇ ಪೊಸ, ಅಂದರೆ ಹೊಸ. ಹಳೆಯದನ್ನು ಹೊಸೆದರೆ ಹೊಸತು ಬರುತ್ತದೆ ಎಂಬ ಅರಿವು ನಮ್ಮ ಹಿರಿಯರಿಗೆ ಇತ್ತು.

ಮೈಸೂರಿನಿಂದ

ಇಲ್ಲ. ಅದು ಬೇರೆ, ಇದು ಬೇರೆ. ಎರಡು ಅಕ್ಷರ ಹೊಂದಿದ ಕೂಡಲೇ ಸೋದರಸಂಬಂಧ ಕಟ್ಟಬೇಡಿ.

ಮೂಲ ಪ್ರಸ್ತಾಪಕ್ಕೆ ಎರಡು ಆಕ್ಷೇಪ. ಒಂದು, 'ಹೊಸೆ' ಎಂದರೆ ಇವತ್ತು ಓದುವವನಿಗೆ 'ಕವನ ಹೊಸೆಯುವುದು' ನೆನಪಾಗುತ್ತದೆ, ಅದು ಹೀಯಾಳಿಕೆ. ಎರಡು, ಸಕರ್ಮಕ. ಹಾಡು ತಾನಾಗಿ ಇನ್ನೊಂದಾಗುವುದಕ್ಕೆ ಸಕರ್ಮಕ ಧಾತು ಹೇಗೆ ಹೊಂದುತ್ತದೆ? ಅನುಸ್ಯೂತಿಗೆ ಈ ತೊಂದರೆ ಇಲ್ಲ. 'ಗಂಟು ಹಾಕು' ಎಂಬುದಕ್ಕೆ ಬಲವಂತದ ಮದುವೆಯ ಅರ್ಥ ಇರುವುದನ್ನು ನಾನು ಹೇಳಬೇಕಾಗಿಲ್ಲ.

ಸಾಗರದಿಂದ

ಕವನ ಹೊಸೆಯುವವರ ತಪ್ಪಿಗೆ ಬತ್ತಿ ಹೊಸೆಯುವವರು ಹೊಣೆಯಾ ಮೇಷ್ಟ್ರೇ? ಸಕರ್ಮಕ ಆದರೆ 'ಹೊಸೆದುಕೊಂಡಿತು' ಅನ್ನಿ. ಬಳ್ಳಿ ಕಂಬಕ್ಕೆ ಸುತ್ತಿಕೊಂಡಿತು ಅನ್ನುವುದಿಲ್ಲವಾ.

ಧಾರವಾಡದಿಂದ

ಬರೋಬ್ಬರಿ. ಟ್ರೈನ್‌ರೆಕ್‌ಗೆ 'ಹಳಿ ತಪ್ಪಿತು' ಐತೆಲ್ಲಾ, ಅದಕ್ಕ ಚರ್ಚಾ ಬ್ಯಾಡ. ನೂಡ್ಲಿಂಗ್‌ಗೆ ಶಾವಿಗಿ ಅಂದ್ರ ಮಂದಿ ಊಟಕ್ಕ ಏಳ್ತಾರ. 'ಸುಮ್ಮನ ಬೆರಳಾಡಿಸಿದ' ಅನ್ರಿ.

ನ್ಯೂಜೆರ್ಸಿಯಿಂದ

ಗಂಟು, ಹೊಸೆ ಎರಡನ್ನೂ ಮಗನಿಗೆ ಓದಿ ಹೇಳಿದೆ. ಅಡುಗೆಮನೆಯ ಪೊಟ್ಟಣದ ದಾರ ಹಿಡಿದು ಮಾಡಿಯೂ ತೋರಿಸಿದೆ. ಆಮೇಲೆ ಅವನು ಬಾರ್ಟನ್ ಹಾಲಿನ ಧ್ವನಿಮುದ್ರಣ ಹಾಕಿದ, 'ಸ್ಕಾರ್ಲೆಟ್ ಬಿಗೋನಿಯಾಸ್' ಹೋಗಿ 'ಫೈರ್ ಆನ್ ದ ಮೌಂಟನ್' ಆಗುವ ಕಡೆ. ಎರಡೂ ಸೇರಿ ಇಪ್ಪತ್ತೈದು ನಿಮಿಷಕ್ಕೂ ಹೆಚ್ಚು. ಎಲ್ಲಿ ಸೇರಿತು ಕೈ ಎತ್ತು ಅಂದ. ನಾನು ಎತ್ತಿದಾಗ ಅದು ಸೇರಿ ಬಹಳ ಹೊತ್ತಾಗಿತ್ತಂತೆ. ಅದಕ್ಕೆ ಹೊಸೆಯೇ ಸರಿ. ಹಾಡುಪಟ್ಟಿಯಲ್ಲಿ ಡೆಡ್‌ನವರು ಅಲ್ಲಿ ಬರಿಯ ಮೊನೆಯನ್ನೇ ಹಾಕಿದ್ದಾರೆ ಎನ್ನುವುದು ಅವನ ದೂರು, ಅದು ಲೇಖನದಲ್ಲೂ ಇದೆ.

ಈ ಮುದ್ರಣ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಯಲ್ಲಿದೆ. ಆದರೆ 2017ರಲ್ಲಿ ಅಧಿಕೃತವಾಗಿ ಹೊರಬರುವವರೆಗೆ ನಲವತ್ತು ವರ್ಷ ಅಭಿಮಾನಿಗಳ ಕೈಯಿಂದ ಕೈಗೇ ಓಡಾಡಿದ್ದು. ಮುದ್ರಿಸಿಕೊಳ್ಳುವ ಪ್ರೇಕ್ಷಕರಿಗೆಂದೇ 1984ರಿಂದ ಸಭೆಯಲ್ಲಿ ಬೇರೆ ಜಾಗ ಬಿಡುತ್ತಿದ್ದರಂತೆ. ಕ್ಯಾಸೆಟ್ಟು ಕೊಟ್ಟು ಕ್ಯಾಸೆಟ್ಟು ತೆಗೆದುಕೊಳ್ಳಬಹುದು, ಮಾರುವ ಹಾಗಿಲ್ಲ.

'ಪದ್ಯ ಬಿಟ್ಟ' ಬಗ್ಗೆ ಯೋಚಿಸುತ್ತಿದ್ದೇನೆ. ಮನೆಯವರು ಹೊಸಪೇಟೆಯವರು, ತಾಳಮದ್ದಳೆ ಗೊತ್ತಿಲ್ಲ. ಅವರಿಗೆ ಪದ್ಯ ಎಂದರೆ ಪಠ್ಯಪುಸ್ತಕದ್ದು. 'ಬದುವಿನೊಳಗಿನ', 'ಬದು ದಾಟಿದ' ಎಂದರೆ ಹೇಗೆ? ಹೊಲದ ಬದು. ಪಂಚಾಯಿತಿ ಕೂಡಲಿಕ್ಕಿಲ್ಲ.

ಧಾರವಾಡದಿಂದ

ಬದು ದಾಟಿದ್ರೂ ಕೂಡತೈತಿ, ಆದ್ರ ಅದು ಸರ್ವೇದವರ ಪಂಚಾಯ್ತಿ. ನಡೀತದ.

ಬೆಂಗಳೂರಿನಿಂದ, ಬುದವಾರ

ಇದೆಲ್ಲ ಸರಿ. ಆದರೆ 'ಜ್ಯಾಮ್ ಬ್ಯಾಂಡ್' ಹಾಗೇ ಉಳಿಯಿತಲ್ಲ? 'ಕಚೇರಿ'ಯೂ ಉಳಿಯಿತು. ಒಂದು ಎರವಲಿಗೆ ಬಾಗಿಲು ತೆಗೆದರೆ ಹಿಂದೆ ನೂರು ಬರುತ್ತವೆ. ತುಪ್ಪಕ್ಕೆ ಎಣ್ಣೆ ಬೆರೆಸಬಾರದು ಎಂದು ಕಬ್ಬಿಗ ನಯಸೇನ 12ನೆಯ ನೂರೇಡಿನಲ್ಲೇ ಹೇಳಿ ಹೋದ.

ಮೈಸೂರಿನಿಂದ

ನಯಸೇನ ಅದನ್ನು ಹೇಳಿದ್ದು 'ಘೃತ', 'ತೈಲ' ಎಂಬ ಪದಗಳಲ್ಲಿ. ಎಣ್ಣೆ ಬೇಡವೆಂದವನೂ ತೈಲವೇ ಸುರಿದಿದ್ದಾನೆ.

ಬ್ಯಾಂಡಿನ ಬಗ್ಗೆ ನನಗೆ ತಕರಾರಿಲ್ಲ. ಮೈಸೂರು ಅರಮನೆಯಲ್ಲಿ ಕರ್ನಾಟಕ ಬ್ಯಾಂಡು, ಇಂಗ್ಲಿಷ್ ಬ್ಯಾಂಡು ಎಂದೇ ಕರೆಯುತ್ತಿದ್ದುದು. ದಸರೆಗೆ ಬಂದ ಯಾವ ಹಳ್ಳಿಯವನೂ ಅದಕ್ಕೆ ಅರ್ಥ ಕೇಳಲಿಲ್ಲ. ಪಿಟೀಲನ್ನು ಹೊರಗಿಟ್ಟು ಕರ್ನಾಟಕ ಸಂಗೀತ ಕೇಳಿಸಿ ನೋಡೋಣ. ನನ್ನ ಜಗಳ ಎರವಲಿನ ಮೇಲಲ್ಲ, ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸುವ ಅರಿಸಮಾಸದ ಮೇಲೆ. 'ಹಾಡುಪಟ್ಟಿ'ಯನ್ನು ಸಹಿಸಿಕೊಂಡಿದ್ದೇನೆ. 'ಹೊಸೆಬಾಣ' ಎಂದು ಮಾತ್ರ ಯಾರೂ ಬರೆಯಬೇಡಿ.

ಪುತ್ತೂರಿನಿಂದ

ಎರವಲಿನ ಮಾತು ಬಂದದ್ದಕ್ಕೆ ಒಂದು. ಆ ಗ್ರೇಟ್‌ಫುಲ್ ಡೆಡ್‌ನ ಇಬ್ಬರು ಡ್ರಮ್ ವಾದಕರಲ್ಲಿ ಒಬ್ಬರಾದ ಮಿಕಿ ಹಾರ್ಟ್ 1960ರ ದಶಕದ ಕೊನೆಗೆ ಉಸ್ತಾದ್ ಅಲ್ಲಾ ರಖಾ ಅವರಿಂದ ತಾಳದ ಲೆಕ್ಕ ಕಲಿತವರು. ಅದೇ ಹೊತ್ತಿಗೆ ತಂಡ 11 ಎಣಿಕೆಯ ಒಂದು ಹಾಡು ನುಡಿಸತೊಡಗಿತು, ಹೆಸರೇ 'ದಿ ಇಲೆವೆನ್'. ಮುಂದೆ ಇದೇ ಹಾರ್ಟ್ 1991ರ 'ಪ್ಲಾನೆಟ್ ಡ್ರಮ್'ನಲ್ಲಿ ಜಾಕಿರ್ ಹುಸೇನ್ ಮತ್ತು ಘಟಂ ವಿಕ್ಕು ವಿನಾಯಕರಾಮ್ ಜೊತೆ ನುಡಿಸಿದರು. ಅವರು ನಮ್ಮ ಲೆಕ್ಕ ತೆಗೆದುಕೊಳ್ಳುವಾಗ ಯಾರನ್ನೂ ಕೇಳಲಿಲ್ಲ. ಅವರ 'ಜ್ಯಾಮ್' ಎಂಬ ಒಂದಕ್ಷರ ನಾವು ಇಟ್ಟುಕೊಂಡರೆ ಯಾರ ಗಂಟು ಹೋಯಿತು?

ಬೆಂಗಳೂರಿನಿಂದ

ಲೆಕ್ಕ ಬೇರೆ, ನುಡಿ ಬೇರೆ.

ನ್ಯೂಜೆರ್ಸಿಯಿಂದ, ಗುರುವಾರ

ಕಳಿಸಿದೆ. ಜ್ಯಾಮ್ ಬ್ಯಾಂಡ್ ಹಾಗೇ ಇದೆ, ಕಚೇರಿಯೂ ಇದೆ. ಗಂಟು, ಹೊಸೆ, ಹಳಿ ತಪ್ಪಿತು, ಬೆರಳಾಡಿಸಿದ, ಬದು. ಒಂದು ಕಡೆ 'ರೈಸಿತು' ಹಾಕಿದ್ದೇನೆ, ಮೇಷ್ಟ್ರು ಕ್ಷಮಿಸಬೇಕು. ಕರಡು ತಿದ್ದುವವರು 'ಹೊಸೆದುಕೊಂಡಿತು' ಇದ್ದ ಕಡೆಯೆಲ್ಲ 'ಹೊಸದಾಯಿತು' ಎಂದು ತಿದ್ದಿದ್ದರು. ಫೋನ್ ಮಾಡಿ ಹೂವಿನ ಕಥೆ ಹೇಳಿ ವಾಪಸು ಹಾಕಿಸಿದೆ. ಬಸ್ಟ್‌ಔಟ್‌ಗೆ ಏನೂ ಸಿಗದೆ 'ಅಪರೂಪದ ಹಾಡು' ಎಂದು ಬರೆದು ಮುಗಿಸಿದೆ. ಸಪ್ಪೆ ಎಂದು ಗೊತ್ತು.

ಸಾಗರದಿಂದ

ಅಯ್ಯೋ, ಒಂದು ದಿನ ಮೊದಲು ಹೇಳಬಾರದಿತ್ತಾ. ಅಟ್ಟದಿಂದ ಇಳಿಸಿದ ಹಾಡು ಅನ್ನಬಹುದಿತ್ತು. ಹಬ್ಬಕ್ಕೆ ದೊಡ್ಡ ಪಾತ್ರೆ ಇಳಿಸುವ ಹಾಗೆ.

ಮೈಸೂರಿನಿಂದ

ಚೆನ್ನಾಗಿದೆ. 'ಅಟ್ಟ' ಸಂಸ್ಕೃತ ಪದ ಎಂಬುದನ್ನು ಮಾತ್ರ ಗಮನಕ್ಕೆ ತರುತ್ತೇನೆ.

ಬೆಂಗಳೂರಿನಿಂದ

ಅಲ್ಲ.