ಹಳ್ಳಿಯ ಹಾಸ್ಯ ನಾಟಕದಲ್ಲಿ ಒಬ್ಬನನ್ನು ಇನ್ನೊಬ್ಬನೆಂದು ತಿಳಿಯುವ ಪ್ರಸಂಗವನ್ನು ನಂಬಿಸುವುದು ಹೇಗೆ?

ಪ್ರಶ್ನೆ: ಹವ್ಯಾಸಿ ನಟ, ಮಂಡ್ಯ ಜಿಲ್ಲೆ

ನಮ್ಮೂರ ಹಬ್ಬದಲ್ಲಿ ಕುರುಕ್ಷೇತ್ರ ಆಡಿ ಆಡಿ ಹಾರ್ಮೋನಿಯಂ ಮೇಷ್ಟರಿಗೇ ಬೇಸರ ಬಂದಿರುವುದರಿಂದ, ಈ ಸಲ ಸಾಮಾಜಿಕ ಹಾಸ್ಯ ನಾಟಕವೇ ಆಗಬೇಕೆಂದು ಹುಡುಗರು ಹಟ ಹಿಡಿದಿದ್ದಾರೆ. ಬರೆಯುವ ಹೊಣೆ ನನ್ನ ತಲೆಗೆ ಬಂದಿದೆ. ಊರಿಗೆ ಬಂದ ಅಪರಿಚಿತನೊಬ್ಬನನ್ನು ಜನ ದೊಡ್ಡ ಅಧಿಕಾರಿಯೆಂದು ತಿಳಿದು ಉಪಚರಿಸುವುದು ಕಥೆಯ ಎಳೆ. ಮೊದಲ ಓದಿನಲ್ಲಿಯೇ ನನ್ನ ತಂಗಿಯ ಮಗ, "ಮಾವ, ಯಾರಾದರೂ ಫೋನಿನಲ್ಲಿ ಸಾಹೇಬರ ಫೋಟೋ ಹುಡುಕಿದರೆ ನಾಟಕ ಅಲ್ಲಿಗೇ ಮುಗಿಯಿತಲ್ಲ" ಎಂದುಬಿಟ್ಟ. ಫೋನಿನ ಮಾತು ಹಾಗಿರಲಿ, ನಮ್ಮಲ್ಲಿ ಹೊಸಬರು ಬಸ್ಸಿಳಿದು ಅರಳಿಕಟ್ಟೆ ದಾಟುವುದರೊಳಗೆ "ಯಾವೂರಾಯ್ತು, ಯಾರ ಮನೆಗೆ ಬಂದಿರಿ" ಎಂದು ಹತ್ತು ಜನ ವಿಚಾರಿಸುತ್ತಾರೆ. ಇಷ್ಟು ಕೇಳುವ ಊರಿನಲ್ಲಿ ಈ ತಪ್ಪು ಎರಡು ಗಂಟೆಯ ಕಾಲ ಉಳಿಯುವುದಾದರೂ ಹೇಗೆ?

ಉತ್ತರ 1: ರಂಗಭೂಮಿಯ ವಿದ್ಯಾರ್ಥಿನಿ

ತಾವು ಹಿಡಿದಿರುವ ಎಳೆ ರಷ್ಯಾದ ಗೊಗೊಲ್ 1836ರಲ್ಲಿ ರಂಗಕ್ಕೆ ತಂದ ನಾಟಕದ್ದು. 1950ರ 'ಅಫ್ಸರ್' ಎಂಬ ಹಿಂದಿ ಚಿತ್ರವೂ ಅದರಿಂದಲೇ ಹುಟ್ಟಿತು. ಅಲ್ಲಿ ಮೇಯರನು ಬಂದವನನ್ನು ಗುಟ್ಟಾಗಿ ತನಿಖೆಗೆ ಬಂದ ಅಧಿಕಾರಿಯೆಂದು ತಿಳಿದು ನಡುಗುತ್ತಿದ್ದರೆ, ಹೋಟೆಲಿನ ಬಾಕಿ ತೀರಿಸಲಾಗದೆ ಕುಳಿತ ಆ ಪುಣ್ಯಾತ್ಮನು ಮೇಯರನೇ ತನ್ನನ್ನು ಜೈಲಿಗೆ ಎಳೆದೊಯ್ಯಲು ಬಂದಿದ್ದಾನೆಂದು ನಡುಗುತ್ತಿರುತ್ತಾನೆ. ಇಬ್ಬರಿಗೂ ಭಯವಿರುವುದರಿಂದ "ನೀವು ಯಾರು" ಎಂಬ ಸರಳ ಪ್ರಶ್ನೆ ಯಾರ ಬಾಯಿಂದಲೂ ಹೊರಡುವುದಿಲ್ಲ. ಆದ್ದರಿಂದ ಬಂದವನು ಹೇಗಿದ್ದಾನೆಂದು ಯೋಚಿಸುವ ಮೊದಲು, ಊರಿನವರು ಏನನ್ನು ಮುಚ್ಚಿಟ್ಟಿದ್ದಾರೆಂದು ನಿರ್ಧರಿಸಿಕೊಳ್ಳಿ.

ಅವಳಿಗಳ ದಾರಿಯೂ ಇದೆ. ಷೇಕ್ಸ್‌ಪಿಯರನ ಅಂಥದೊಂದು ನಾಟಕವನ್ನು ಚನ್ನಬಸಪ್ಪನವರು 1871ರಲ್ಲಿಯೇ 'ನಗದವರನ್ನು ನಗಿಸುವ ಕಥೆ'ಯಾಗಿ ಕನ್ನಡಕ್ಕೆ ತಂದಿದ್ದರು. ಆದರೆ ಅದಕ್ಕೆ ಒಂದೇ ಮುಖದ ಎರಡು ಜೋಡಿ ನಟರು ಬೇಕು. ಹಬ್ಬದ ನಾಟಕಕ್ಕೆ ಅದು ದುಬಾರಿಯ ಮಾತು.

ಉತ್ತರ 2: ನಿವೃತ್ತ ಕಂದಾಯ ನೌಕರ, ತುಮಕೂರು

ಫೋನಿನ ತೊಡಕಿಗೆ ಒಂದು ಪರಿಹಾರವಿದೆ: ಕಥೆಯನ್ನು 1963ಕ್ಕೆ ಒಯ್ಯಿರಿ. ಆ ವರ್ಷದ ಫೆಬ್ರುವರಿ 1ರಂದು ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಜಾರಿಗೆ ಬಂದು, ವಂಶಪಾರಂಪರ್ಯದ ಪಟೇಲ, ಶಾನುಭೋಗಿಕೆಗಳು ಕೊನೆಗೊಂಡವು. ಅಲ್ಲಿಯವರೆಗೆ ಲೆಕ್ಕ ಬರೆಯುವವರು ಅದೇ ಊರಿನವರೋ ಪಕ್ಕದ ಊರಿನವರೋ ಆಗಿದ್ದು, ಅವರ ಅಜ್ಜನ ಕಾಲದಿಂದಲೂ ಮುಖ ಪರಿಚಯವಿರುತ್ತಿತ್ತು. ಅನಂತರ ಸರ್ಕಾರವೇ ಗ್ರಾಮ ಲೆಕ್ಕಿಗರನ್ನು ನೇಮಿಸತೊಡಗಿತು. ಹಳೆಯ ಶಾನುಭೋಗರಲ್ಲಿ ಕೆಲವರು ಮತ್ತೆ ಲೆಕ್ಕಿಗರಾದದ್ದುಂಟು, ಆದರೂ ಕಂಡರಿಯದ ಮುಖವೊಂದು ಕಡತದ ಚೀಲ ಹಿಡಿದು ಬಸ್ಸಿಳಿಯುವ ಸಾಧ್ಯತೆ ಮೊದಲ ಬಾರಿಗೆ ಹುಟ್ಟಿದ್ದು ಆಗ.

ಊರು ಮುಚ್ಚಿಟ್ಟಿರುವುದು ಏನೆಂದು ನಾನು ಬೇರೆ ಹೇಳಬೇಕಾಗಿಲ್ಲ. ಗೋಮಾಳದ ಕಡೆಗೆ ಬೇಲಿಯನ್ನು ನಾಲ್ಕು ಗುಂಟೆ ಸರಿಸಿಕೊಳ್ಳದ ಮನೆ ಎಷ್ಟಿವೆ? ಈಗ ಬಸ್ಸಿನಿಂದ ಜೀವವಿಮೆಯ ಏಜೆಂಟನೊಬ್ಬನನ್ನು ಇಳಿಸಿ ನೋಡಿ. ಅವನೂ ಚೀಲದಿಂದ ಫಾರಂ ತೆಗೆದು ತಂದೆಯ ಹೆಸರು, ವಯಸ್ಸು, ಜಮೀನು, ವರ್ಷದ ಆದಾಯಗಳನ್ನೇ ಕೇಳುತ್ತಾನೆ. ಪಾಲಿಸಿ ಮಾಡಿಸುವ ಆಸೆಯಿಂದ "ಆದಾಯ ಸ್ವಲ್ಪ ಹೆಚ್ಚಿಗೆ ಹೇಳಿ ಗೌಡರೇ" ಎಂದು ಅವನು ಬೇಡಿಕೊಂಡಷ್ಟೂ, ಗೌಡರು ಬಾವಿ ಬತ್ತಿದೆ, ರಾಗಿ ಒಣಗಿದೆ, ಎಮ್ಮೆ ಗೊಡ್ಡಾಗಿದೆ ಎಂದು ಇಳಿಸುತ್ತಲೇ ಹೋಗುತ್ತಾರೆ. "ಹಾಗಾದರೆ ಕಂತು ಹೇಗೆ ಕಟ್ಟುತ್ತೀರಿ?" ಎಂದು ಅವನು ಕೇಳಿದಾಗ ಗೌಡರಿಗೆ ಕೇಳಿಸುವುದು ಕಂದಾಯದ ಕಂತು. ಒಳಗಿನಿಂದ ಗೌಡತಿ ಕೋಳಿ ಕೊಯ್ಯಿಸಲು ಹೇಳುವುದು ಆಗಲೇ. ನನ್ನ ನೌಕರಿಯ ಕಾಲದಲ್ಲಿ ಅಂಥ ಕೋಳಿಸಾರು ನಾನೂ ಉಂಡಿದ್ದೇನೆ, ಸುಳ್ಳೇಕೆ ಹೇಳಲಿ.

ಉತ್ತರ 3: ಕೃಷಿಕ, ಹಾಸನ

ಮೇಲಿನ ಹಿರಿಯರ ಸಲಹೆ ಚೆನ್ನಾಗಿದೆ, ಆದರೆ ಅರುವತ್ತು ವರ್ಷ ಹಿಂದಕ್ಕೆ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ಮೊದಲ ಮೊಮ್ಮಗನಿಗೆ ಅಜ್ಜನ ಹೆಸರನ್ನೇ ಇಡುವ ನಮ್ಮ ಕಡೆ ಒಂದೇ ಹೆಸರಿನವರು ಕೇರಿಗೆ ಇಬ್ಬರಾದರೂ ಇರುತ್ತಾರೆ. ಊರೊಳಗೆ ಮೇಲ್ಮನೆಯವನು, ತೋಪಿನವನು ಎಂದು ಗುರುತಿಸುತ್ತೇವೆ. ಪಹಣಿಯಲ್ಲಿ ತೋಪೂ ಇಲ್ಲ, ಮೇಲ್ಮನೆಯೂ ಇಲ್ಲ. ಒಮ್ಮೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು "ತಿಮ್ಮೇಗೌಡ ಬಿನ್ ಸಣ್ಣೇಗೌಡ" ಎಂದು ಕೂಗಿದಾಗ ನನ್ನ ಕಣ್ಣೆದುರಿಗೇ ಮೂವರು ಎದ್ದು ನಿಂತರು. ಇಬ್ಬರ ಹೆಸರೂ ಅದೇ, ಅವರ ತಂದೆಯರ ಹೆಸರೂ ಅದೇ. ಮೂರನೆಯವರಿಗೆ ಕಿವಿ ಮಂದವಾಗಿದ್ದುದರಿಂದ ಉಳಿದಿಬ್ಬರು ಎದ್ದದ್ದನ್ನು ನೋಡಿ ಎದ್ದಿದ್ದರು. ಗುಮಾಸ್ತರ ಕೈಯಲ್ಲಿದ್ದುದು ಸಾಲದ ನೋಟಿಸೆಂದು ತಿಳಿಯುತ್ತಲೇ ಆ ಇಬ್ಬರೂ "ಇವರದು" ಎಂದು ಪರಸ್ಪರ ಕೈ ತೋರಿಸಿ ಕುಳಿತುಬಿಟ್ಟರು. ಕಿವಿ ಮಂದವಾದವರು ಮಾತ್ರ ಬೆಳೆ ಪರಿಹಾರವೆಂದು ನಂಬಿ, ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ನಗುತ್ತ ನಿಂತಿದ್ದರು. ಫೋನಿದ್ದು ಇಲ್ಲಿ ಏನು ಮಾಡೀತು?

ಪ್ರಶ್ನೆ ಕೇಳಿದವರ ಮರುನುಡಿ

ಮೂವರಿಗೂ ವಂದನೆಗಳು. ವಿಮೆಯ ಏಜೆಂಟನನ್ನು 1963ರ ಊರಿಗೇ ಇಳಿಸುವುದೆಂದು ನಿರ್ಧರಿಸಿದ್ದೇನೆ. ಹಾಸನದವರ ಅನುಮತಿಯಿದ್ದರೆ ಆ ಕಿವಿ ಮಂದವಾದ ಹಿರಿಯರನ್ನೂ ಅದೇ ಕಟ್ಟೆಯ ಮೇಲೆ ಕೂರಿಸುತ್ತೇನೆ. ಗೋಮಾಳದ ದೃಶ್ಯವನ್ನು ಓದಿದ ಮೇಲೆ ಗೌಡರ ಪಾತ್ರ ಒಪ್ಪಿಕೊಂಡಿದ್ದವರು, ತಮ್ಮ ಬೇಲಿಯ ವಿಚಾರ ಯಾರು ಹೇಳಿದರೆಂದು ನನ್ನನ್ನು ಎರಡು ಸಲ ಕೇಳಿದ್ದಾರೆ. ಏಜೆಂಟನ ಪಾತ್ರಕ್ಕೆ ಊರಿನ ನಿಜವಾದ ವಿಮೆ ಏಜೆಂಟರೇ ಮುಂದೆ ಬಂದಿದ್ದಾರೆ. ಸಂಭಾವನೆ ಏನೂ ಬೇಡವಂತೆ, ಮಧ್ಯಂತರದಲ್ಲಿ ಮೈಕು ಹತ್ತು ನಿಮಿಷ ಅವರ ಕೈಗೆ ಕೊಟ್ಟರೆ ಸಾಕಂತೆ.