ಎ.ಎನ್.ಎ. 1:80 ಪಾಸಿಟಿವ್ ಬಂದಿದೆ: ಇದು ಲೂಪಸ್ ರೋಗವೇ?

ಪ್ರಶ್ನೆ (ಜಮಖಂಡಿ)

ಕೆಲವು ತಿಂಗಳಿಂದ ಮೊಣಕಾಲು ನೋವು ಮತ್ತು ಸುಸ್ತು ಎನ್ನುತ್ತಿದ್ದ ನನ್ನ ತಂಗಿಗೆ ಬಾಗಲಕೋಟೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ವರದಿಯಲ್ಲಿ ‘ಎ.ಎನ್.ಎ. ಪಾಸಿಟಿವ್, 1:80, ಸ್ಪೆಕಲ್ಡ್’ ಎಂದಿದೆ. ಅವಳ ಮದುವೆಯ ಮಾತುಕತೆ ನಡೆದಿರುವ ಹೊತ್ತಿನಲ್ಲಿ ಮನೆಯವರು ಇದನ್ನು ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ದಾಳಿ ಮಾಡುವ ಕಾಯಿಲೆ) ಎಂದೇ ತಿಳಿದು ಕಂಗಾಲಾಗಿದ್ದಾರೆ. ಬೆಳಗಾವಿಗೆ ಹೋಗಿ ಇದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕೇ?

ಉತ್ತರ (ಪ್ರಯೋಗಾಲಯ ತಂತ್ರಜ್ಞ, ವಿಜಯಪುರ)

ಎ.ಎನ್.ಎ. ಎಂದರೆ ಜೀವಕೋಶಗಳ ಕೇಂದ್ರದ ವಿರುದ್ಧ ದೇಹವೇ ತಯಾರಿಸುವ ಪ್ರತಿಕಾಯಗಳು. ಗಾಜಿನ ಪಟ್ಟಿಯ ಮೇಲಿನ ಹೆಪ್-2 ಎಂಬ, ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಜೀವಕೋಶಗಳಿಗೆ ರೋಗಿಯ ಸೀರಮ್ (ರಕ್ತದ ತಿಳಿ ದ್ರವ) ಹಾಕಿ, ನಂತರ ಹೊಳೆಯುವ ಬಣ್ಣವನ್ನು ಸೇರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಪ್ರತಿಕಾಯಗಳಿದ್ದರೆ ಕೋಶಕೇಂದ್ರ ಹಸಿರಾಗಿ ಹೊಳೆಯುತ್ತದೆ. ಆ ಹೊಳಪು ಚುಕ್ಕೆಚುಕ್ಕೆಯಾಗಿದ್ದರೆ ಸ್ಪೆಕಲ್ಡ್ ಎಂದು ಬರೆಯುತ್ತೇವೆ. ಸೀರಮ್ಮನ್ನು ಎಂಬತ್ತು ಪಟ್ಟು ತೆಳುಮಾಡಿದ ಮೇಲೂ ಹೊಳಪು ಉಳಿದಿದೆ ಎಂಬುದೇ 1:80. ಮಂದವಾದ ಹೊಳಪನ್ನು ಒಬ್ಬರು 1:80 ಎಂದರೆ ಇನ್ನೊಬ್ಬರು 1:160 ಎನ್ನುವುದುಂಟು. 1997ರಲ್ಲಿ ಪ್ರಕಟವಾದ, ಹಲವು ದೇಶಗಳ ಪ್ರಯೋಗಾಲಯಗಳು ಸೇರಿ ನಡೆಸಿದ ಅಧ್ಯಯನದಲ್ಲಿ ಆರೋಗ್ಯವಂತರ ಪೈಕಿ ಸುಮಾರು ಶೇ. 13 ಜನರಿಗೆ 1:80ರಲ್ಲಿ ಪಾಸಿಟಿವ್ ಬಂದಿತ್ತು.

ಉತ್ತರ (ವೈದ್ಯ, ಬೆಳಗಾವಿ)

ಇದೇ ಪರೀಕ್ಷೆಯನ್ನು ಮತ್ತೆ ಮಾಡಿಸಬೇಡಿ, ಅದರಿಂದ ಹೊಸದೇನೂ ತಿಳಿಯುವುದಿಲ್ಲ. 2019ರ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಲೂಪಸ್ ಎಂದು ವರ್ಗೀಕರಿಸಲು ಕನಿಷ್ಠ 1:80 ಇರಲೇಬೇಕು, ಆದರೆ ಅಷ್ಟೇ ಸಾಲದು. ಬಾಯಿಹುಣ್ಣು, ಕೀಲುಗಳ ಊತ, ರಕ್ತಕಣಗಳ ಇಳಿಕೆ, ಮೂತ್ರದಲ್ಲಿ ಪ್ರೋಟೀನ್, ಇಂಥವುಗಳಿಗೆ ಅಂಕ ಕೊಟ್ಟು ಒಟ್ಟು 10 ಆಗಬೇಕು. ಆದ್ದರಿಂದ ನಾನು ಮೊದಲು ಕೇಳುವುದು ಬೆಳಿಗ್ಗೆ ಎದ್ದಾಗ ಕೀಲು ಬಿಗಿದಿರುತ್ತವೆಯೇ, ಬಿಸಿಲಿಗೆ ಮುಖದ ಮೇಲೆ ಕೆಂಪು ದದ್ದು ಏಳುತ್ತವೆಯೇ ಎಂದು. ಅಗ್ಗದ ಮೂತ್ರ ಪರೀಕ್ಷೆಯನ್ನು ಅನೇಕರು ಮರೆಯುತ್ತಾರೆ, ಅದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಕೂಡ ನೋಡಿಸಿ, ಏಕೆಂದರೆ ಥೈರಾಯ್ಡಿನ ಸ್ವಯಂನಿರೋಧಕ ಕಾಯಿಲೆಯಲ್ಲೂ ಎ.ಎನ್.ಎ. ಪಾಸಿಟಿವ್ ಬರುತ್ತದೆ. ಅನುಮಾನ ಉಳಿದರೆ ಮಾತ್ರ ಡಿಎಸ್‌-ಡಿಎನ್‌ಎ ಮತ್ತು ಸ್ಮಿತ್ ಎಂಬ, ಹೆಚ್ಚಾಗಿ ಲೂಪಸ್‌ನಲ್ಲೇ ಕಾಣುವ ಪ್ರತಿಕಾಯಗಳ ಪರೀಕ್ಷೆ. ಕೀಲು ಊದಿದ್ದರೆ ಆ್ಯಂಟಿ-ಸಿಸಿಪಿ, ಅಂದರೆ ರುಮಟಾಯ್ಡ್ ಕೀಲುವಾತವನ್ನು ಪತ್ತೆಹಚ್ಚುವ ಪ್ರತಿಕಾಯ ಪರೀಕ್ಷೆ. ಅದೇ ಕೀಲುವಾತಕ್ಕೆ ಮಾಡುವ ಆರ್.ಎ. ಫ್ಯಾಕ್ಟರ್ ಪರೀಕ್ಷೆಯೊಂದನ್ನೇ ನಂಬುವಂತಿಲ್ಲ, ಕ್ಷಯದಂಥ ಸೋಂಕಿನಲ್ಲೂ ಅದು ಪಾಸಿಟಿವ್ ಆಗಬಹುದು.

ಉತ್ತರ (ಇಳಕಲ್)

ನಾನು ಲೂಪಸ್ ರೋಗಿ. ನನ್ನ ಎ.ಎನ್.ಎ. ಈಗಲೂ ಹೆಚ್ಚೇ ಇದೆ, ಕಾಯಿಲೆ ಮಾತ್ರ ಹತೋಟಿಯಲ್ಲಿದೆ. ನನ್ನ ವೈದ್ಯರು ಪ್ರತಿ ಭೇಟಿಯಲ್ಲಿ ನೋಡುವುದು ಮೂತ್ರ, ಡಿಎಸ್‌-ಡಿಎನ್‌ಎ ಮತ್ತು ಸಿ3, ಸಿ4 ಎಂಬ ರಕ್ತದ ಪ್ರೋಟೀನುಗಳ ಮಟ್ಟಗಳನ್ನು. ವೈದ್ಯರು ತಂಗಿಯನ್ನು ಪರೀಕ್ಷಿಸಿ ಹೇಳುವ ತನಕ ಆ ವರದಿಯನ್ನು ದಯವಿಟ್ಟು ನೆಂಟರ ಕೈಗೆ ಕೊಡಬೇಡಿ.