ಹಳೆ ಕೊನ್ಯಾಕ್ ಬಾಟಲಿ: ವಯಸ್ಸು ಎಷ್ಟು, ಅಸಲಿಯಾ? – ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಲಂಡನ್‌ನ ಒಂದು ಹರಾಜು ಸಂಸ್ಥೆಯಲ್ಲಿ ಹಳೆ ಮದ್ಯದ ಬಾಟಲಿಗಳನ್ನು ಪರೀಕ್ಷಿಸಿ ಬೆಲೆ ಕಟ್ಟುವ ನಮ್ಮ ಮಂಗಳೂರಿನ ಮೇಡಂ ಇವತ್ತು ಗುಂಪಿನಲ್ಲಿದ್ದಾರೆ. ಹಳೆ ಕೊನ್ಯಾಕ್ (ಫ್ರಾನ್ಸಿನ ಒಂದು ಬಗೆಯ ಬ್ರಾಂದಿ) ಬಗ್ಗೆ ಕೇಳಿ. ಫೋಟೋ ಹಾಕುವಾಗ ಲೇಬಲ್, ಮುಚ್ಚಳ, ತಳ ಮೂರೂ ಕಾಣಲಿ. ಮಾರಾಟದ ಪೋಸ್ಟ್ ಹಾಕಬೇಡಿ.

ಹಾಸನದಿಂದ: ಮೇಡಂ, ನಮ್ಮ ಮಾವನವರ ಬೀರುವಿನಲ್ಲಿ ಒಂದು ಹೆನ್ನೆಸಿ ಬಾಟಲಿ ಸಿಕ್ಕಿತು. ಲೇಬಲ್ ಮೇಲೆ 1765 ಅಂತ ಇದೆ. ಅಂದರೆ 250 ವರ್ಷಕ್ಕಿಂತ ಹಳೇದು ಅಲ್ವಾ?

ಉತ್ತರ: ಅಲ್ಲ. 1765 ಹೆನ್ನೆಸಿ ಕಂಪನಿ ಶುರುವಾದ ವರ್ಷ. ಮಾರ್ಟೆಲ್ ಮೇಲೆ 1715, ರೆಮಿ ಮಾರ್ಟಿನ್ ಮೇಲೆ 1724, ಹೈನ್ ಮೇಲೆ 1763, ಕಾಮು ಮೇಲೆ 1863 ಇರುತ್ತದೆ. ಹೋದ ವಾರ ತುಂಬಿದ ಬಾಟಲಿಯ ಮೇಲೂ ಅದೇ ವರ್ಷ ಇರುತ್ತದೆ. ವಯಸ್ಸು ಗೊತ್ತಾಗಬೇಕಾದರೆ ದೊಡ್ಡ ಅಕ್ಷರ ಬಿಟ್ಟು ಸಣ್ಣ ಅಕ್ಷರ ಓದಿ. ಎಷ್ಟು ಅಳತೆ, ಮದ್ಯಸಾರ ಎಷ್ಟು ಶೇಕಡಾ, ಯಾವ ದೇಶದ ಸುಂಕದ ಚೀಟಿ, ಬಾರ್‌ಕೋಡ್ ಇದೆಯಾ. ಆ ಫೋಟೋ ಕಳಿಸಿ.

ಮಂಗಳೂರಿನಿಂದ: ಅಕ್ಕ, ನಮ್ಮ ಅಪ್ಪ ಸರಕು ಹಡಗಿನಲ್ಲಿ ಕೆಲಸದಲ್ಲಿದ್ದರು. ಈಗ ಇಲ್ಲ. ಅವರ ಪೆಟ್ಟಿಗೆಯಲ್ಲಿ ಒಂದು ಮಾರ್ಟೆಲ್ ಕೊರ್ಡೋಂ ಬ್ಲೂ ಇತ್ತು, ಸೀಲ್ ಒಡೆದಿಲ್ಲ. ಲೇಬಲ್‌ನಲ್ಲಿ ‘70 ಡಿಗ್ರಿ ಪ್ರೂಫ್’, ‘24 ಫ್ಲೂಯಿಡ್ ಔನ್ಸ್’ ಅಂತ ಇದೆ. ಬಾರ್‌ಕೋಡ್ ಇಲ್ಲ. ಕುತ್ತಿಗೆಯ ಮೇಲಿನ ತಗಡು ಬೆರಳಿಂದ ಒತ್ತಿದರೆ ಒಳಗೆ ಹೋಗುವಷ್ಟು ಮೆತ್ತಗಿದೆ. ಒಳಗಿರುವುದು ಸ್ವಲ್ಪ ಕಡಿಮೆಯಾಗಿದೆ. ಎಷ್ಟು ಹಳೇದು? ಮಾರುವ ಯೋಚನೆ ಇಲ್ಲ.

ಉತ್ತರ: ಇದು ನನಗೆ ತುಂಬಾ ಇಷ್ಟವಾದ ಬಾಟಲಿ. ಒಂದೊಂದಾಗಿ ನೋಡೋಣ.

ಪ್ರೂಫ್ ಎಂಬುದು ಮದ್ಯಸಾರ ಎಷ್ಟಿದೆ ಎಂಬುದರ ಹಳೆ ಅಳತೆ. ‘70 ಪ್ರೂಫ್’ ಅಂದರೆ ಶೇ. 70 ಅಲ್ಲ. ಹಳೆ ಬ್ರಿಟಿಷ್ ಲೆಕ್ಕದಲ್ಲಿ 70 ಪ್ರೂಫ್ ಅಂದರೆ ಈಗಿನ ಶೇ. 40. ಅಮೆರಿಕದ ಲೆಕ್ಕ ಬೇರೆ, ಅಲ್ಲಿ ಶೇ. 40ಕ್ಕೆ 80 ಪ್ರೂಫ್ ಎನ್ನುತ್ತಾರೆ. ಹಾಗಾಗಿ 70 ಕಂಡ ಕೂಡಲೇ ಇದು ಬ್ರಿಟನ್ ಮಾರುಕಟ್ಟೆಗೆ ಹೋದ ಬಾಟಲಿ ಎಂದು ಗೊತ್ತಾಯಿತು. 1980ರಿಂದ ಅಲ್ಲಿ ಪ್ರೂಫ್ ಬಿಟ್ಟು ಶೇಕಡಾ ಲೆಕ್ಕಕ್ಕೆ ಬಂದರು. ಅಂದರೆ ನಿಮ್ಮದು ಅದಕ್ಕಿಂತ ಹಿಂದಿನದು.

24 ಔನ್ಸ್ ಅಂದರೆ ಸುಮಾರು 68 ಸೆಂಟಿಲೀಟರ್. ಕೊನ್ಯಾಕ್‌ನಲ್ಲಿ ಈ ಅಳತೆ 1970ರ ದಶಕದ ಬ್ರಿಟಿಷ್ ಬಾಟಲಿಗಳಲ್ಲಿ ಜಾಸ್ತಿ ಸಿಗುತ್ತದೆ. ಪಕ್ಕದಲ್ಲಿ 68 ಎಂಬ ಮೆಟ್ರಿಕ್ ಅಂಕಿಯೂ ಇದೆಯಾ ನೋಡಿ. ಇದ್ದರೆ ದಶಕದ ಕೊನೆಯ ಕಡೆಗೆ, ಬರೀ ಔನ್ಸ್ ಆದರೆ ಸ್ವಲ್ಪ ಹಿಂದಕ್ಕೆ. ಮೆತ್ತಗಿರುವ ತಗಡು ಸೀಸದ್ದಿರಬೇಕು. ಯುರೋಪಿನಲ್ಲಿ ಅದು 1990ರ ದಶಕದ ಮೊದಲಲ್ಲಿ ನಿಂತಿತು. ಬಾರ್‌ಕೋಡ್ ಇಲ್ಲದಿರುವುದೂ ಇದಕ್ಕೆ ಹೊಂದುತ್ತದೆ. ನಾಲ್ಕೂ ಒಂದೇ ಕಡೆ ಕೈ ತೋರಿಸುತ್ತಿವೆ. ಒಂದು ಗುರುತಿನ ಮೇಲೆ ನಾನು ಯಾವತ್ತೂ ವಯಸ್ಸು ಹೇಳುವುದಿಲ್ಲ, ಇಲ್ಲಿ ಧೈರ್ಯವಾಗಿ 1970ರ ದಶಕ ಎನ್ನುತ್ತೇನೆ. ನಿಮ್ಮ ತಂದೆಯವರು ಆಗ ಬ್ರಿಟಿಷ್ ಬಂದರಿಗೆ ಹೋಗುವ ಹಡಗಿನಲ್ಲಿದ್ದರಾ? ಅವರ ಸಿಡಿಸಿ (ಹಡಗಿನ ನೌಕರರ ಸೇವಾ ದಾಖಲೆ) ಪುಸ್ತಕ ಇದ್ದರೆ ಹಡಗು ಹತ್ತಿದ, ಇಳಿದ ತಾರೀಖು ಅದರಲ್ಲಿರುತ್ತದೆ. ಬಾಟಲಿಯ ಜೊತೆ ಅದನ್ನೂ ಇಟ್ಟುಕೊಳ್ಳಿ. ಎಲ್ಲಿಂದ ಬಂತು ಎಂಬ ದಾಖಲೆಗಿಂತ ದೊಡ್ಡ ಸಾಕ್ಷಿ ನಮ್ಮ ಕೆಲಸದಲ್ಲಿ ಇಲ್ಲ.

ಕಡಿಮೆಯಾಗಿರುವುದು ಕಾರ್ಕ್ ಮೂಲಕ ಆವಿಯಾಗಿ. ಇಷ್ಟು ವರ್ಷಕ್ಕೆ ಅದು ಸಹಜ. ಬಾಟಲಿಯನ್ನು ನಿಲ್ಲಿಸಿಯೇ ಇಡಿ, ಮಲಗಿಸಬೇಡಿ. ವೈನ್ ಬೇರೆ, ಇದು ಬೇರೆ. ಶೇ. 40ರ ಮದ್ಯ ಕಾರ್ಕನ್ನು ತಿಂದು ಪುಡಿ ಮಾಡುತ್ತದೆ. ಲೇಬಲ್ ಒದ್ದೆ ಬಟ್ಟೆಯಿಂದ ಒರೆಸಬೇಡಿ. ಮಂಗಳೂರಿನ ಮಳೆಗಾಲದಲ್ಲಿ ಲೇಬಲ್‌ಗೆ ಬೂಷ್ಟು ಹಿಡಿಯುತ್ತದೆ, ಗಾಳಿಯಾಡುವ ಕತ್ತಲೆ ಕಪಾಟಿನಲ್ಲಿಡಿ.

ಮಂಗಳೂರಿನಿಂದ: ಸಿಡಿಸಿ ಇದೆ ಅಕ್ಕ. 1974ರಲ್ಲಿ ಲಿವರ್‌ಪೂಲ್ ಮುದ್ರೆ ಇದೆ. ತುಂಬಾ ಉಪಕಾರ.

ಬೆಂಗಳೂರಿನಿಂದ: ರೆಮಿ ಮಾರ್ಟಿನ್, 1724. ಎಷ್ಟು ಲಕ್ಷ ಸಿಗಬಹುದು?

ಉತ್ತರ: ಮೇಲೆ ಓದಿ. ಕಂಪನಿ ಶುರುವಾದ ವರ್ಷ.

ಶಿವಮೊಗ್ಗದಿಂದ: 1999ರಲ್ಲಿ ಡ್ಯೂಟಿ ಫ್ರೀಯಲ್ಲಿ ತಂದ ಎಕ್ಸ್‌ಓ ಹಾಗೇ ಇಟ್ಟಿದ್ದೇನೆ. ಈಗ ಅದಕ್ಕೆ ಇನ್ನೂ 25 ವರ್ಷ ಸೇರಿತು ಅಲ್ವಾ?

ಉತ್ತರ: ಸೇರಿಲ್ಲ. ಕೊನ್ಯಾಕ್‌ಗೆ ವಯಸ್ಸಾಗುವುದು ಓಕ್ ಪೀಪಾಯಿಯಲ್ಲಿ ಮಾತ್ರ. ಗಾಜಿಗೆ ಬಂದ ದಿನ ವಯಸ್ಸು ನಿಂತಿತು. ಎಕ್ಸ್‌ಓ ಎಂಬ ದರ್ಜೆ ಹಾಕಲು ಆಗ ಕನಿಷ್ಠ 6 ವರ್ಷ ಪೀಪಾಯಿಯಲ್ಲಿದ್ದರೆ ಸಾಕಿತ್ತು, 2018ರ ಏಪ್ರಿಲ್‌ನಿಂದ 10 ವರ್ಷ ಮಾಡಿದರು. ಕನಿಷ್ಠ ಅಷ್ಟು, ಒಳಗೆ ಅದಕ್ಕಿಂತ ಹಳೇದೂ ಬೆರೆತಿರುತ್ತದೆ.

ಹುಬ್ಬಳ್ಳಿಯಿಂದ: ಗ್ರೂಪಿನಲ್ಲಿ ಬಂದದ್ದು, ಎಲ್ಲರಿಗೂ ಉಪಯೋಗ ಆಗಲಿ: “ಅಸಲಿ ಕೊನ್ಯಾಕ್ ಪತ್ತೆಗೆ 3 ಉಪಾಯ. 1) ಬಾಟಲಿ ಜೋರಾಗಿ ಅಲ್ಲಾಡಿಸಿ, ನೊರೆ 10 ಸೆಕೆಂಡ್ ನಿಂತರೆ ಅಸಲಿ. 2) ಒಂದು ಚಮಚಕ್ಕೆ ಬೆಂಕಿ ಹಚ್ಚಿ, ನೀಲಿ ಜ್ವಾಲೆ ಬಂದರೆ ಶುದ್ಧ. 3) ಕಾರ್ಕ್ ಗಟ್ಟಿಯಾಗಿದ್ದರೆ ಬಿಸಿ ನೀರಲ್ಲಿ ಅದ್ದಿ.” ದಯವಿಟ್ಟು ಎಲ್ಲರಿಗೂ ಕಳಿಸಿ.

ಉತ್ತರ: ದಯವಿಟ್ಟು ಯಾರಿಗೂ ಕಳಿಸಬೇಡಿ. ನೊರೆಯಿಂದ ಗೊತ್ತಾಗುವುದು ಏನೂ ಇಲ್ಲ, ಅಲ್ಲಾಡಿಸಿದರೆ ಹಳೆ ಕಾರ್ಕ್ ಒದ್ದೆಯಾಗಿ ಹಾಳಾಗುತ್ತದೆ ಅಷ್ಟೆ. ಬಿಸಿ ನೀರಿಗೆ ಅದ್ದಿದರೆ ಲೇಬಲ್ ಹೋಗುತ್ತದೆ, ಗಾಜು ಸೀಳಬಹುದು. ಎರಡನೆಯದು ಪ್ರಾಣಕ್ಕೇ ಅಪಾಯ. ಮೆಥನಾಲ್ ಎಂಬ ವಿಷದ ಮದ್ಯಸಾರ ಕೂಡ ನೀಲಿಯಾಗಿಯೇ ಉರಿಯುತ್ತದೆ. ಬೆಳಕಿನಲ್ಲಿ ಉರಿ ಕಾಣಿಸುವುದೇ ಇಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಬಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಬೆಂಕಿ ಹಚ್ಚಿ ನೋಡಿ ‘ಶುದ್ಧ’ ಅಂದುಕೊಂಡು ಕುಡಿಯುವವರು ಇವತ್ತಿಗೂ ಇದ್ದಾರೆ. ಈ ಮೆಸೇಜ್ ಅಳಿಸಿ.

ಹುಬ್ಬಳ್ಳಿಯಿಂದ: ನಾನು ಬರೆದದ್ದಲ್ಲ ಮೇಡಂ, ಬಂದದ್ದನ್ನು ಕಳಿಸಿದೆ.

ಉತ್ತರ: ಗೊತ್ತು. ಅದಕ್ಕೇ ಹೇಳಿದ್ದು.

ತುಮಕೂರಿನಿಂದ: ಮಕ್ಕಳಿಗೆ ಶೀತ ಆದರೆ ಹಳೆ ಬ್ರಾಂದಿ ಎರಡು ಹನಿ ಒಳ್ಳೇದು ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಕೊನ್ಯಾಕ್ ಇನ್ನೂ ಒಳ್ಳೇದಾ?

ಉತ್ತರ: ಮಕ್ಕಳಿಗೆ ಒಂದು ಹನಿಯೂ ಕೊಡಬೇಡಿ. ಹಳೇದಾಗಲಿ ಹೊಸದಾಗಲಿ. ಡಾಕ್ಟರ್ ಹತ್ತಿರ ಹೋಗಿ.

ದುಬೈನಿಂದ: ಮೇಡಂ, ಅರ್ಜೆಂಟ್. ಅಪ್ಪನ ಅರವತ್ತರ ಶಾಂತಿಗೆ ಊರಿಗೆ ಬರುತ್ತಿದ್ದೇನೆ. ಸಂಜೆ ಗೆಳೆಯರ ಕೂಟಕ್ಕೆ ಎಂದು ಒಬ್ಬರಿಂದ ಲೂಯಿ 13 (ರೆಮಿ ಮಾರ್ಟಿನ್‌ನ ದುಬಾರಿ ಕೊನ್ಯಾಕ್) ಡಿಕ್ಯಾಂಟರ್, ಅಂದರೆ ಅದರ ಹರಳು ಗಾಜಿನ ಬಾಟಲಿ, ತೆಗೆದುಕೊಂಡೆ. ಅಂಗಡಿ ಬೆಲೆಯ ಕಾಲು ಭಾಗಕ್ಕೆ ಕೊಟ್ಟರು. 1980ರ ದಶಕದ್ದು ಎಂದರು. ಫೋಟೋ ಹಾಕಿದ್ದೇನೆ. ತುಂಬಾ ಚೆನ್ನಾಗಿದೆ, ಹರಳಿನ ಮುಚ್ಚಳ ಕೂಡ ಹಾಕಿಯೇ ಇದೆ.

ಉತ್ತರ: ಯಾರೂ ಕುಡಿದಿಲ್ಲ ತಾನೆ? ಮೊದಲು ಅದಕ್ಕೆ ಉತ್ತರ ಕೊಡಿ.

ದುಬೈನಿಂದ: ಇಲ್ಲ ಮೇಡಂ. ಯಾಕೆ?

ಉತ್ತರ: ಹರಳಿನ ಮುಚ್ಚಳ ಹಾಕಿಯೇ ಇದೆ ಎಂದಿರಲ್ಲ, ಅದಕ್ಕೆ. ಲೂಯಿ 13 ಕಂಪನಿಯಿಂದ ಹೊರಡುವಾಗ ಕುತ್ತಿಗೆಗೆ ಸಾದಾ ಕಾರ್ಕ್ ಹಾಕಿ ಸೀಲ್ ಮಾಡಿರುತ್ತಾರೆ. ಫ್ಲರ್ ದ ಲೀ (ಲಿಲ್ಲಿ ಹೂವಿನ ಚಿಹ್ನೆ) ಆಕಾರದ ಹರಳಿನ ಮುಚ್ಚಳ ಪೆಟ್ಟಿಗೆಯಲ್ಲಿ ಬೇರೆಯಾಗಿ ಇರುತ್ತದೆ. ಅದು ಕುತ್ತಿಗೆ ಮೇಲೆ ಕೂತಿದೆ ಎಂದರೆ ಯಾರೋ ಸೀಲ್ ಒಡೆದಿದ್ದಾರೆ.

ಈಗ ಒಂದು ಕೆಲಸ ಮಾಡಿ. ಡಿಕ್ಯಾಂಟರ್‌ಗೂ ಮುಚ್ಚಳಕ್ಕೂ ಸಣ್ಣದಾಗಿ ಕೆತ್ತಿದ ನಂಬರ್ ಇರುತ್ತದೆ. ಎರಡೂ ಒಂದೇ ಇರಬೇಕು. ಟಾರ್ಚ್ ಓರೆಯಾಗಿ ಹಿಡಿದರೆ ಕಾಣಿಸುತ್ತದೆ. ಮೊಬೈಲ್ ಕ್ಯಾಮೆರಾ ಹತ್ತಿರ ಹಿಡಿದು ಎರಡರ ಫೋಟೋ ಹಾಕಿ.

ಖಾಲಿ ಲೂಯಿ 13 ಡಿಕ್ಯಾಂಟರ್‌ಗೇ ಒಳ್ಳೆ ಬೆಲೆ ಇದೆ. ಫ್ರಾನ್ಸಿನ ಬ್ಯಾಕರಾ ಕಂಪನಿಯ ಹರಳು ಗಾಜು, ನೋಡಲು ಚೆಂದ, ಷೋಕೇಸ್‌ಗೆ ತೆಗೆದುಕೊಳ್ಳುವವರು ಬಹಳ. ಹೋಟೆಲು, ಬಾರ್‌ಗಳಿಂದ ಖಾಲಿಯಾಗಿ ಹೊರಬಂದದ್ದಕ್ಕೆ ಅಗ್ಗದ ಬ್ರಾಂದಿ ತುಂಬಿ ಮಾರುವವರು ಇದ್ದಾರೆ. ಗಾಜು ಅಸಲಿ, ಪೆಟ್ಟಿಗೆ ಅಸಲಿ, ಒಳಗಿರುವುದು ಮಾತ್ರ ಬೇರೆ. ಅಗ್ಗದ ಬ್ರಾಂದಿ ಆಗಿದ್ದರೆ ಹೋಗಿದ್ದು ದುಡ್ಡು. ಬಣ್ಣ ಹಾಕಿದ ಸ್ಪಿರಿಟ್ ಆಗಿದ್ದರೆ ಹೋಗುವುದು ಕಣ್ಣು, ಪ್ರಾಣ. ಮೆಥನಾಲ್‌ಗೆ ಬಣ್ಣ ಇಲ್ಲ, ವಾಸನೆ ರುಚಿಯಲ್ಲಿ ಪತ್ತೆ ಆಗುವುದಿಲ್ಲ. ಕುಡಿದು ಅರ್ಧ ದಿನ ಕಳೆದ ಮೇಲೂ ಕಣ್ಣು ಮಂಜಾಗುವುದು, ವಾಂತಿ ಶುರುವಾಗಬಹುದು. ಹಾಗಾದರೆ ಒಂದು ನಿಮಿಷ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು. ಹರಳು ಗಾಜಿನಲ್ಲಿ ಸೀಸ ಇರುತ್ತದೆ. ಅಂಥ ಡಿಕ್ಯಾಂಟರ್‌ನಲ್ಲಿ ಮದ್ಯ ವರ್ಷಗಟ್ಟಲೆ ಕೂತರೆ ಸೀಸ ಅದಕ್ಕೆ ಇಳಿಯುತ್ತದೆ. ಒಳಗಿರುವುದು ಅಸಲಿಯೇ ಆಗಿದ್ದರೂ ನಾನು ಕುಡಿಯಲು ಹೇಳುವುದಿಲ್ಲ.

ದಾವಣಗೆರೆಯಿಂದ: ಇಷ್ಟೆಲ್ಲಾ ಹೆದರಿಸುವ ಅಗತ್ಯ ಇದೆಯಾ? ಕೊನ್ಯಾಕ್ ಅಂದರೂ ಬ್ರಾಂದಿಯೇ. ನಮ್ಮಲ್ಲಿ ಸಿಗುವ ಬ್ರಾಂದಿ ಕುಡಿದು ಎಲ್ಲರೂ ಚೆನ್ನಾಗಿದ್ದೇವೆ.

ಲಂಡನ್‌ನಿಂದ (ಇನ್ನೊಬ್ಬ ಸದಸ್ಯರು): ಸಾರ್, ಎಲ್ಲ ಕೊನ್ಯಾಕ್ ಬ್ರಾಂದಿಯೇ, ಎಲ್ಲ ಬ್ರಾಂದಿಯೂ ಕೊನ್ಯಾಕ್ ಅಲ್ಲ. ಫ್ರಾನ್ಸಿನ ಶರಾಂತ್ ಕಡೆಯ, 1909ರಲ್ಲೇ ಗಡಿ ಹಾಕಿದ ಜಾಗದ ದ್ರಾಕ್ಷಿಯಿಂದ, ತಾಮ್ರದ ಹಂಡೆಯಲ್ಲಿ ಎರಡು ಸಲ ಭಟ್ಟಿ ಇಳಿಸಿದ್ದು ಮಾತ್ರ ಕೊನ್ಯಾಕ್. ನಮ್ಮಲ್ಲಿ ಬ್ರಾಂದಿ ಎಂದು ಮಾರುವ ಎಷ್ಟೋ ಬಾಟಲಿ ಕಾಕಂಬಿ ಸ್ಪಿರಿಟ್‌ನಿಂದ ಮಾಡಿದ್ದು.

ದಾವಣಗೆರೆಯಿಂದ: ಲಂಡನ್‌ನಲ್ಲಿ ಕೂತವರಿಗೆ ನಮ್ಮದೆಲ್ಲ ಕಾಕಂಬಿಯೇ.

ಲಂಡನ್‌ನಿಂದ: ಊರಿನ ಮಾತು ಯಾಕೆ ಬಂತು? ಬಾಟಲಿಯ ಹಿಂದೆ ಬರೆದಿರುತ್ತದೆ, ಓದಿ.

ಬೆಳಗಾವಿಯಿಂದ: ಇಬ್ಬರೂ ಬೇರೆ ಕಡೆ ಜಗಳ ಆಡಿ. ನಾನು ಕೇಳಿದ್ದು ಮೇಲೆ ಹೋಗಿಬಿಟ್ಟಿತು. ಅಜ್ಜ ಗೋವಾದಿಂದ ತಂದ ಪೋರ್ಟ್ ವೈನ್ ಬಗ್ಗೆ ಯಾರಾದರೂ ಹೇಳ್ತೀರಾ?

ಮೈಸೂರಿನಿಂದ: ನನ್ನ ಹತ್ತಿರ ನಾಲ್ಕು ಹಳೆ ಬಾಟಲಿ ಇವೆ. ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ.

ಅಡ್ಮಿನ್: ಮಾರಾಟ ಬೇಡ ಎಂದು ಮೊದಲೇ ಹೇಳಿದ್ದೇನೆ.

ಮೈಸೂರಿನಿಂದ: ಹಳೆ ಸಾಮಾನು ಮಾರಿದರೆ ತಪ್ಪೇನು? ಯಾರು ನೋಡುತ್ತಾರೆ?

ಉತ್ತರ: ಲೈಸೆನ್ಸ್ ಇಲ್ಲದೆ ಮದ್ಯ ಮಾರುವುದು ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಅಪರಾಧ. ಬಾಟಲಿ ಹಳೇದಾದರೆ ರಿಯಾಯಿತಿ ಇಲ್ಲ. ಈ ಬಗ್ಗೆ ನನ್ನ ಹತ್ತಿರ ಇನ್ನು ಕೇಳಬೇಡಿ.

ಕೊಡಗಿನಿಂದ: ಮೇಡಂ, ಒಬ್ಬರು ‘1811 ನೆಪೋಲಿಯನ್’ ಬಾಟಲಿ ತೋರಿಸಿದರು. ಗಾಜಿನ ಮೇಲೇ ‘ಎನ್’ ಅಕ್ಷರದ ಉಬ್ಬು ಮುದ್ರೆ ಇದೆ. ಧೂಮಕೇತು ಕಂಡ ವರ್ಷದ್ದು ಎನ್ನುತ್ತಾರೆ. ನನಗೆ ಯಾಕೋ ಅನುಮಾನ. ಗಾಜಿನ ಗೆರೆ ತಳದಿಂದ ಬಾಯಿ ಅಂಚಿನವರೆಗೂ ಇದೆ.

ಉತ್ತರ: ನಿಮ್ಮ ಕಣ್ಣು ಚುರುಕಾಗಿದೆ. ಆ ಗೆರೆಯೇ ಉತ್ತರ. ಬಾಯಿ ತನಕ ಅಚ್ಚಿನ ಗೆರೆ ಬಂದಿದೆ ಎಂದರೆ ಅದು ಯಂತ್ರದಲ್ಲಿ ಊದಿದ ಬಾಟಲಿ. ಬಾಟಲಿ ಊದುವ ಯಂತ್ರವನ್ನು ಕೊನ್ಯಾಕ್ ಊರಿನಲ್ಲೇ ಕ್ಲೋಡ್ ಬೂಶೆ ಎಂಬಾತ ಮಾಡಿದ್ದು 1890ರ ದಶಕದಲ್ಲಿ. ಅದಕ್ಕೂ ಮುಂಚಿನವು ಬಾಯಿಂದ ಊದಿದವು. ಗಾಜು ಒಂದೇ ದಪ್ಪ ಇರುವುದಿಲ್ಲ, 1811ರ ಕಾಲದ್ದಾದರೆ ತಳದ ನಡುವೆ ಕಬ್ಬಿಣದ ಸಲಾಕೆ ಮುರಿದು ತೆಗೆದ ಒರಟು ಕಲೆ ಇರುತ್ತದೆ. ಬೆರಳಾಡಿಸಿದರೆ ಚುಚ್ಚುತ್ತದೆ.

1811ರಲ್ಲಿ ದೊಡ್ಡ ಧೂಮಕೇತು ಕಂಡದ್ದು ನಿಜ. ಆ ವರ್ಷದ ಫಸಲು ಚೆನ್ನಾಗಿತ್ತು ಎಂಬ ಹೆಸರೂ ನಿಜ. ಅದಕ್ಕೇ ಆ ವರ್ಷ ಹಾಕಿ ಮಾರಿದವರು ಅಷ್ಟು ಜನ. ‘ಎನ್’ ಮುದ್ರೆ ಯಾರು ಬೇಕಾದರೂ ಒತ್ತಬಹುದು. ನಿಜವಾದ ಹಳೇದಕ್ಕೆ ಕೈಯಿಂದ ಕೈಗೆ ಬಂದ ದಾಖಲೆ ಇರುತ್ತದೆ. 2020ರಲ್ಲಿ ಸೋಥಬೀಸ್ ಹರಾಜಿನಲ್ಲಿ 1762ರ ಗೋತಿಯೆ ಬಾಟಲಿ 1,18,580 ಪೌಂಡ್‌ಗೆ ಹೋಯಿತು. ಅದು ತಲೆಮಾರುಗಳಿಂದ ಒಂದೇ ಕುಟುಂಬದಲ್ಲಿ ಇದ್ದದ್ದು. ಇಷ್ಟರ ಮೇಲೂ ಅನುಮಾನ ಬಂದರೆ ಪ್ರಯೋಗಾಲಯ ಇದೆ. 1950–60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣ ಸೂಸುವ ಕಾರ್ಬನ್ ಹೆಚ್ಚಾಯಿತು, ಅದು ದ್ರಾಕ್ಷಿಗೂ ಸೇರಿತು. 1811 ಎಂದು ಬರೆದ ಬಾಟಲಿಯಲ್ಲಿ ಆ ಕಾರ್ಬನ್ ಸಿಕ್ಕರೆ ಮುಂದೆ ಮಾತಿಲ್ಲ. ತೆಗೆದುಕೊಳ್ಳಬೇಡಿ.

ಮಂಡ್ಯದಿಂದ: ಮಾರ್ಟೆಲ್ 1715. ರೇಟ್ ಹೇಳಿ.

ರಾಯಚೂರಿನಿಂದ: ಹೆನ್ನೆಸಿ 1765, ನಂದೂ ಇದೆ.

ಉತ್ತರ: ಮೇಲೆ ಓದಿ. ಮತ್ತೆ ಮತ್ತೆ ಬರೆಯುವುದಿಲ್ಲ.

ರಾಯಚೂರಿನಿಂದ: ಸ್ವಲ್ಪ ಸಮಾಧಾನವಾಗಿ ಹೇಳಬಹುದಿತ್ತು.

ಉಡುಪಿಯಿಂದ: ಅವರು ರಜೆಯ ದಿನ ಪುಕ್ಕಟೆ ಕೂತು ಉತ್ತರ ಕೊಡುತ್ತಿದ್ದಾರೆ. ಮೊದಲ ಉತ್ತರ ಓದಲು ನಿಮಗೆ ಆಗಲಿಲ್ಲವಾ?

ದಾವಣಗೆರೆಯಿಂದ: ಅಷ್ಟು ಕಷ್ಟ ಆದರೆ ಬರಬಾರದಿತ್ತು.

ಅಡ್ಮಿನ್: ದಾವಣಗೆರೆಯವರೇ, ಇದು ಕೊನೆಯ ಎಚ್ಚರಿಕೆ.

ದುಬೈನಿಂದ: ಮೇಡಂ, ನಂಬರ್ ಸಿಕ್ಕಿತು. ಫೋಟೋ ಹಾಕಿದ್ದೇನೆ. ಮುಚ್ಚಳದ್ದೂ ಡಿಕ್ಯಾಂಟರ್‌ದೂ ಬೇರೆ ಬೇರೆ. ಕೊಟ್ಟವರಿಗೆ ಫೋನ್ ಮಾಡಿದರೆ ‘ಮುಚ್ಚಳ ಬದಲಾಗಿರಬೇಕು, ಒಳಗಿರುವುದು ಗ್ಯಾರಂಟಿ’ ಎನ್ನುತ್ತಿದ್ದಾರೆ.

ಉತ್ತರ: ಫೋಟೋ ನೋಡಿದೆ. ಎರಡು ಬೇರೆ ಡಿಕ್ಯಾಂಟರ್‌ಗಳ ಭಾಗ ಸೇರಿಸಿದ್ದಾರೆ. ಖಾಲಿ ಬಾಟಲಿಗಳ ರಾಶಿ ಇಟ್ಟುಕೊಂಡವರ ಕೈಯಲ್ಲೇ ಹೀಗಾಗುವುದು. ಗ್ಯಾರಂಟಿ ಮಾತು ಕೇಳಬೇಡಿ. ಊರಿಗೆ ತರಬೇಡಿ, ರುಚಿಗೆಂದು ನಾಲಿಗೆಗೂ ತಾಗಿಸಬೇಡಿ. ಅಪ್ಪನ ಕೂಟಕ್ಕೆ ಏರ್‌ಪೋರ್ಟ್ ಡ್ಯೂಟಿ ಫ್ರೀ ಅಂಗಡಿಯಲ್ಲಿ ಬಿಲ್ ಸಮೇತ ವಿಎಸ್‌ಓಪಿ ದರ್ಜೆಯ ಒಂದು ಕೊನ್ಯಾಕ್ ತೆಗೆದುಕೊಳ್ಳಿ. ಒಬ್ಬರಿಗೆ 2 ಲೀಟರ್ ತನಕ ತರಬಹುದು.

ದುಬೈನಿಂದ: ಸರಿ ಮೇಡಂ. ಸಿಂಕಿಗೆ ಸುರಿಯುತ್ತೇನೆ. ಖಾಲಿ ಡಿಕ್ಯಾಂಟರ್ ಮಾರಿದರೆ ಸ್ವಲ್ಪವಾದರೂ ದುಡ್ಡು ವಾಪಸ್ ಬರುತ್ತದಲ್ವಾ?

ಉತ್ತರ: ಮಾರಬೇಡಿ. ನಿಮ್ಮಿಂದ ಕೊಂಡವರು ಮತ್ತೆ ತುಂಬಿ ಇನ್ನೊಬ್ಬರಿಗೆ ಕೊಡುತ್ತಾರೆ. ಲೇಬಲ್ ಕಿತ್ತು, ಪೆಟ್ಟಿಗೆ ಹರಿದು ಹಾಕಿ. ಗಾಜು ಬೇಕಿದ್ದರೆ ಷೋಕೇಸ್‌ನಲ್ಲಿಡಿ. ಕುಡಿಯುವ ನೀರನ್ನೂ ಅದರಲ್ಲಿ ತುಂಬಿಡಬೇಡಿ.

ಬೆಳಗಾವಿಯಿಂದ: ಪೋರ್ಟ್ ವೈನ್ ಬಗ್ಗೆ ಯಾರೂ ಹೇಳಲಿಲ್ಲ.

ಅಡ್ಮಿನ್: ಕಾಮೆಂಟ್ ಮುಚ್ಚಲಾಗಿದೆ.